ಬರಬೇಕಾದ ಬಾಕಿ

ಎನಿಡ್ ಅತ್ತೆ ಹೋದ ಹನ್ನೊಂದನೆಯ ವಾರ
ಗ್ರಿಮ್ಸ್‌ಬಿಯ ಅವಳದೇ ಅಡುಗೆಮೇಜಿನ ಮೇಲೆ
ಪ್ರೊಬೇಟ್ ಅರ್ಜಿ ತುಂಬಲು ಕೂತೆ.
ಮನೆ, ಇಷ್ಟು. ಬ್ಯಾಂಕು, ಇಷ್ಟು.
ಸಾಮಾನಿಗೆ ಬೆಲೆ ಕಟ್ಟು, ಎಂದಿತು ಕಾಗದ.
ನಲವತ್ತು ವರ್ಷ ಮೀನು ಸೀಳಿ
ಅಲಗು ಹುಲ್ಲೆಳೆಯಷ್ಟಾದ ಚಾಕುವಿಗೆ
ಸೊನ್ನೆ ಬರೆದೆ.
ಬರೆದು, ತೊಳೆದು, ಒರೆಸಿಟ್ಟೆ.

ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ:
ಮೃತಳಿಂದ ಬಾಕಿ ಬರಬೇಕಾದವರು
ಎರಡು ತಿಂಗಳೊಳಗೆ ತಿಳಿಸತಕ್ಕದ್ದು.
ಯಾರೂ ತಿಳಿಸಲಿಲ್ಲ.

ಗಡುವಿನ ಹಿಂದಿನ ಸಂಜೆ ಬಾಗಿಲಲ್ಲೊಬ್ಬ ಮುದುಕ,
ಟೋಪಿ ಕೈಯಲ್ಲಿ. ಸಿರಿಲ್ ಮಾಡ್ಸ್‌ಲಿಯಂತೆ.
"ಬರಬೇಕಾದವನಲ್ಲ, ಕೊಡಬೇಕಾದವನು.
ಎಂಬತ್ತಮೂರು. ದೋಣಿಗಳು ಕಡಲಿಗಿಳಿಯದ ಚಳಿಗಾಲ.
ಮಗಳ ಬೂಟಿಗೆಂದು ಹನ್ನೆರಡು ಪೌಂಡು.
ಅವಳು ಕೇಳಲೇ ಇಲ್ಲ.
ಕಂಡರೆ ನಾನೇ ರಸ್ತೆ ದಾಟಿಬಿಡುತ್ತಿದ್ದೆ."
ಬಡ್ಡಿ ಎಷ್ಟಾಗಬಹುದು, ಎಂದೂ ಕೇಳಿದ.

ಈ ಪ್ರಶ್ನೆಗೆ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ.
ಚಹಾ ಕೊಟ್ಟೆ. ಮೂರು ಚಮಚ ಸಕ್ಕರೆ ಹಾಕಿಕೊಂಡ,
ಕಲಕುವ ಸದ್ದಾಗದಂತೆ ಕಲಕಿದ.

ಅವನು ಹೋದ ಮೇಲೆ ಪಟ್ಟಿ ತೆಗೆದು
ಚಾಕುವಿನ ಸೊನ್ನೆಯ ಕೆಳಗೆ ಬರೆದೆ:
ನಗದು, ಹನ್ನೆರಡು ಪೌಂಡು.
ಯಾರಿಂದ, ಎಂಬಲ್ಲಿ ಅವನ ಹೆಸರು.
ಯಾತಕ್ಕೆ, ಎಂಬಲ್ಲಿ: ಬೂಟು.

ಮಗಳ ಹೆಸರು ಕೇಳುವುದು ಮರೆತೇಹೋಯಿತು.