ಹದಿನೇಳನೆಯ ಖಾನೆ

ಕಾರ್ಖಾನೆ ಮುಚ್ಚಿದ ಮೂರನೆಯ ದಿನ
ಹದಿನೇಳನೆಯ ಖಾನೆಯನ್ನು ನನ್ನ ಮಡಿಲಿಗೆ ಸುರಿದು
ಗುಮಾಸ್ತ ಗಾಸ್ಯಾಂ ಹೇಳಿದ: ಇದನ್ನು ಹರಾಜಿನಲ್ಲಿ ಯಾರೂ ಕೂಗಲಿಲ್ಲ.
ಕೂಗುವುದು ಹೇಗೆ?
ತೊಗಲಿನಷ್ಟು ದಪ್ಪದ ಒಂದು ಕಾಗದ,
ಅದರ ತುಂಬ ಸೂಜಿತೂತು.

ನಲವತ್ತೊಂದು ವರ್ಷ ಈ ತೂತುಗಳಿಂದಲೇ ಉಂಡವಳು ನಾನು.
ಹಸಿ ಮೆರುಗಿನ ತಟ್ಟೆಯ ಮೇಲೆ ಹಾಸಿ
ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ,
ಮಗುವಿನ ಬೆನ್ನು ತಟ್ಟಿದಷ್ಟೇ, ಹೆಚ್ಚಲ್ಲ,
ಕೆಳಗೆ ಕಪ್ಪು ಚುಕ್ಕಿಗಳ ಹಕ್ಕಿ ಬಂದು ಕೂರುತ್ತದೆ.
ಆಮೇಲೆ ಕುಂಚ. ಮೆರುಗು ಬಾಯಾರಿದ ನೆಲ,
ಎಳೆದದ್ದನ್ನು ಹೀರಿಬಿಡುತ್ತದೆ, ಒರೆಸುವ ಮಾತಿಲ್ಲ.
ನನ್ನ ಸೀನುಗಳೂ ಇವೆ, ಯಾರದೋ ಸೂಪಿನ ತಳದಲ್ಲಿ
ನೀಲಿ ಬಾಲವಾಗಿ.

ಮೊದಲ ಒಡೆಯ ಎವ್ರಾರ್.
ಯುದ್ಧದ ಖರ್ಚಿಗೆಂದು ದೊರೆ ಶ್ರೀಮಂತರ ಬೆಳ್ಳಿ ಕರಗಿಸಿದ ವರ್ಷ
ಲ್ವಾರ್ ದಂಡೆಯಲ್ಲಿ ಆವಿಗೆ ಹೂಡಿದ.
ಬೆಳ್ಳಿ ಹೋದ ಮೇಜಿಗೆ ಮಣ್ಣು ಬಂತು
ಮೈಗೆ ತವರದ ಬಿಳುಪು ಬಳಿದುಕೊಂಡು,
ಬೀಗರ ಮನೆಗೆ ಹೊರಟ ಹಾಗೆ.
ಕಾಗದದ ಮೇಲಂಚಿನ ಮೂರು ಲಿಲಿ ಹೂ ಆಗಿನವು.

ಬೆಳಕಿಗೆ ಹಿಡಿದರೆ ಲಿಲಿ ಕಾಣುವುದಿಲ್ಲ.
ಮೊಮ್ಮಗನ ಮೊಮ್ಮಗನ ಕಾಲಕ್ಕೆ
ದೊರೆಯ ತಲೆ ಉರುಳಿದ ಚಳಿಗಾಲ
ಯಾರೋ ಮೇಣ ಕರಗಿಸಿ ಒಂದೊಂದೇ ತೂತು ಮುಚ್ಚಿದರು.
ಹಕ್ಕಿಯನ್ನು ಬಿಟ್ಟರು; ಅದಕ್ಕೆ ರೆಕ್ಕೆಯೊಂದೇ ಪಕ್ಷ.
ಇಪ್ಪತ್ತೆರಡು ವರ್ಷಕ್ಕೆ ದೊರೆಯ ತಮ್ಮ ಬಂದ,
ಸೂಜಿ ಬಂತು, ಮೇಣ ಚುಚ್ಚಿ ಲಿಲಿ ಬಿಡಿಸಿದರು.
ಹದಿನೈದು ವರ್ಷಕ್ಕೆ ಮತ್ತೆ ಮೇಣ.
ಮುಚ್ಚಿದ ಕೈ ತೆರೆದ ಕೈ ಒಂದೇ ಇದ್ದೀತು,
ಕೂಲಿಯಂತೂ ಅಷ್ಟೇ.

ಇಂಗ್ಲಿಷರ ತೆಳು ತಟ್ಟೆ ದೋಣಿಯಿಳಿದಾಗ
ದಂಡೆಯ ಹನ್ನೊಂದು ಆವಿಗೆ ಆರಿದವು.
ನಮ್ಮದು ಉಚ್ಚೆಯ ಕುಡಿಕೆ ಮಾಡಿ ಬದುಕಿತು.
ನೂರು ವರ್ಷದ ಸಂಭ್ರಮದ ಹೊತ್ತಿಗೆಯಲ್ಲಿ
ಆ ಪುಟ ಇಲ್ಲ.

ಇನ್ನು ಹಕ್ಕಿಯ ಕಣ್ಣು.
ಅದಕ್ಕೆ ತೂತೇ ಇರಲಿಲ್ಲ, ಕೊನೆಯಲ್ಲಿ
ಹಿರಿಯ ಜೆಫಿರ್ಯಾಂ ತಾನೇ ಬಂದು ಇಡುತ್ತಿದ್ದ, ಬೇರೆಯವರಿಗೆ ಬಿಡದೆ.
ಅವನ ಮಗ ಹೋದ, ಶಿಷ್ಯರು ಹೋದರು, ಕಂದಕಗಳಿಗೆ;
ಅರವತ್ತಾದರೂ ಬಂಡಿ ಹೊಡೆಯಲು ಅವನೂ ಹೋದ.
ಅಂಚಿನ ಗೆರೆ ಮಾತ್ರ ಎಳೆಯಬಹುದಾಗಿದ್ದ ಹೆಂಗಸರ ಕೈಗೆ
ಹಕ್ಕಿ ಬಂತು, ಕುರುಡಾಗಿ.
ಎರಡು ಚಳಿಗಾಲ ಕುರುಡು ಹಕ್ಕಿಗಳೇ ಬೆಂದವು.
ಅವನು ಬರುವುದಿಲ್ಲವೆಂಬ ಕಾಗದ ಬಂದ ಸಂಜೆ
ನನ್ನ ಮುತ್ತಜ್ಜಿ ಲೆಯೊಕಾದಿ ರವಿಕೆಯ ಸೂಜಿ ಕಿತ್ತು
ಚುಚ್ಚಿದಳು. ಒಂದೇ ಸಲ. ಕೊಂಚ ಮೇಲೆ ಹೋಯಿತು.
ಅಂದಿನಿಂದ ನಮ್ಮ ಹಕ್ಕಿ ಆಕಾಶ ನೋಡುತ್ತದೆ.
ಸಂಗ್ರಾಹಕರು ಅದಕ್ಕೊಂದು ಶೈಲಿಯ ಹೆಸರಿಟ್ಟಿದ್ದಾರೆ.

ಈ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಹರಾಜಿನ ನೋಟೀಸನ್ನು ಮಗುಚಿ ಹಾಕಿ ತಟ್ಟಿದೆ.
ಹಕ್ಕಿ ಬಂತು. ಮೇಣ ಬಿರಿದಲ್ಲಿ ಅರ್ಧ ಲಿಲಿಯೂ ಬಂತು, ಕರೆಯದೆ.
ಆವಿಗೆಯಲ್ಲಾದರೆ ಇದ್ದಿಲು ಸುಟ್ಟು ಗೆರೆ ಉಳಿಯುತ್ತಿತ್ತು.
ಇಲ್ಲಿ ಗೆರೆಯಿಲ್ಲ, ಬರಿಯ ಪುಡಿ.
ಬಗ್ಗಿ ಕಣ್ಣು ನೋಡುತ್ತಿದ್ದೆ,
ಸೀನು ಬಂತು.
ತಡೆಯಲಿಲ್ಲ.