ಮೈನಸ್ ಆರು

ಇದು ಸ್ಪಷ್ಟವೋ, ಇದೋ?
ಹತ್ತೊಂಬತ್ತು ವರ್ಷದಿಂದ ರುವಿಯ ಕನ್ನಡಕದಂಗಡಿಯಲ್ಲಿ
ಬಂದವರಿಗೆಲ್ಲ ನಾನು ಕೇಳಿದ ಪ್ರಶ್ನೆ.
ಈ ಸಲ ಕೇಳಿದವನು ದೂರದರ್ಶಕ ಮಾರುವ ಹುಡುಗ;
ಉತ್ತರ ಗೊತ್ತಾಗದೆ ಕೂತವನು ನಾನು.

ಮೂರಿದ್ದವು ಮೇಜಿನ ಮೇಲೆ.
ಉದ್ದನೆಯದರ ಪೆಟ್ಟಿಗೆಗೆ ಕೆಂಪು ಅಕ್ಷರ:
ಐನೂರು ಪಟ್ಟು ದೊಡ್ಡದು ಮಾಡುತ್ತದಂತೆ.
ಗಾಜು ಉಜ್ಜುವವನಿಗೇ ಈ ಮಾತೇ!
ಮುಟ್ಟಿದರೆ ಮೂರು ಕಾಲೂ ನಡುಗಿದವು,
ಆಗ ಹುಟ್ಟಿದ ಕರುವಿನ ಹಾಗೆ.
ಇನ್ನೊಂದಕ್ಕೆ ನೂರಮೂವತ್ತು ಮಿಲಿಮೀಟರಿನ ಕನ್ನಡಿ,
ಒಳಗೆ ಇಣುಕಿದೆ, ನನ್ನ ಮೂಗೇ ಒಂದು ಗ್ರಹ.
ಆಸೆಯಾಯಿತು. ಆದರೆ ಇಲ್ಲಿ ನಾವು
ಏನನ್ನು ಕೊಳ್ಳುವ ಮೊದಲೂ ಮನಸ್ಸಿನಲ್ಲೇ
ವಿಮಾನದ ತಕ್ಕಡಿಗೆ ಏರಿಸಿ ನೋಡುವವರು:
ಮೂವತ್ತು ಕಿಲೋ, ಹಾಲಿನ ಪುಡಿ, ಕಂಬಳಿ ಎಲ್ಲ ಸೇರಿ.

ಮೂರನೆಯದು ಗಿಡ್ಡ, ಗುಂಡು,
ನಾಲ್ಕು ಜನರ ಅನ್ನದ ಪಾತ್ರೆಯಷ್ಟು.
ತೊಂಬತ್ತು ಮಿಲಿಮೀಟರು, ಒಂದೇ ತೋಳು,
ತೋಳಿನೊಳಗೆ ಮೋಟಾರು, ಕೈಗೊಂದು ಗುಂಡಿಗಳ ಹಲಗೆ.
ನಾಲ್ಕು ಸಾವಿರ ಹೆಸರು ಇದಕ್ಕೆ ಬಾಯಿಪಾಠ ಎಂದ ಹುಡುಗ.
"ನಿಮ್ಮ ತಾರಸಿಯಿಂದ ಎಷ್ಟು ನಕ್ಷತ್ರ ಕಾಣುತ್ತವೆ?"
ಹತ್ತು. ಧೂಳಿಲ್ಲದಿದ್ದರೆ ಹನ್ನೆರಡು.
"ಹಾಗಾದರೆ ಇದೇ."

ನೂರ ಎಂಬತ್ತು ರಿಯಾಲು.
ನನ್ನ ಕೋಣೆಯ ಮೊಯ್ದಿನಬ್ಬ, ಹಾಲಿನ ಲಾರಿಯ ಡ್ರೈವರು,
ತುತ್ತು ಕೈಯಲ್ಲೇ ಹಿಡಿದು ಲೆಕ್ಕ ಹಾಕಿದ:
ಮೂರು ತಿಂಗಳ ಬಾಡಿಗೆ.
ಆಮೇಲೆ ತಾನೇ ಪೆಟ್ಟಿಗೆ ಹೊತ್ತು ತಾರಸಿ ಹತ್ತಿದ.

ನೀರಿನ ಟ್ಯಾಂಕುಗಳ ನಡುವೆ ಮಟ್ಟ ನೋಡಿ
ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಎಂಟು ಬ್ಯಾಟರಿ.
ಊರು ಯಾವುದು, ಕೇಳಿತು.
ಪಟ್ಟಿಯಲ್ಲಿ ಮಸ್ಕತ್ ಇತ್ತು.
ನಮ್ಮ ಶಿರ್ವ ಇರಲಿಲ್ಲ, ಆದರೂ ಹುಡುಕಿದೆ.
ತಾರೀಕು ಕೇಳಿತು, ಕೊಟ್ಟೆ: ಐದು, ಹನ್ನೊಂದು.
ಒಂದು ನಕ್ಷತ್ರ ಆರಿಸು ಎಂದಿತು.
ಆಲ್ಡೆಬರಾನ್, ಒತ್ತಿದೆ.
ತುಸು ಯೋಚಿಸಿ ತೆರೆಯ ಮೇಲೆ ಬರೆಯಿತು:
ಆ ನಕ್ಷತ್ರ ದಿಗಂತದ ಕೆಳಗಿದೆ.

ಟ್ಯಾಂಕಿನ ಸೋರಿಕೆ ನೋಡಲು ಬಂದಿದ್ದ
ಕಟ್ಟಡದ ಯಜಮಾನ, ಮುದುಕ ಖಲ್ಫಾನ್,
ಹಮ್ರಿಯಾದ ಗುಡ್ಡದ ಮೇಲೆ ಬೆರಳು ಮಾಡಿದ:
ಕೆಂಪಗೆ, ಆರದ ಬೀಡಿಯ ತುದಿ.
"ದಬರಾನ್. ಹಿಂಬಾಲಿಸುವವ. ತುರಯ್ಯಾಳ ಬೆನ್ನು ಬಿಡುವುದಿಲ್ಲ."
ರೋಹಿಣಿ, ಎಂದೆ ನಾನು, ಕೃತ್ತಿಕೆಯ ನಂತರದವಳು.
ಅವನಿಗೆ ಗಂಡು, ನನಗೆ ಹೆಣ್ಣು,
ಎದುರಿಗೇ ಉರಿಯುತ್ತಿದ್ದರೂ
ಇಲ್ಲವೇ ಇಲ್ಲ ಎನ್ನುತ್ತಿತ್ತು ಬುದ್ಧಿವಂತ ಯಂತ್ರ.

ತಪ್ಪು ಹಿಡಿದವನು ಮೊಯ್ದಿನಬ್ಬ,
ಹಾಲಿನ ಡಬ್ಬಿಗಳ ಅವಧಿ ಓದಿ ಓದಿ ಪಳಗಿದ ಕಣ್ಣು:
"ಮಾರಾಯ, ಇದು ಅಮೆರಿಕದ ಲೆಕ್ಕ, ತಿಂಗಳು ಮೊದಲು.
ನೀನು ಇದನ್ನು ಮೇ ತಿಂಗಳಲ್ಲಿ ನಿಲ್ಲಿಸಿದ್ದೀ."
ತಿದ್ದಿದೆ. ಗುರ್ರೆಂದು ತೋಳು ತಿರುಗಿ ಗುಡ್ಡದತ್ತ ನಿಂತಿತು.

ಮುಂದಿನ ಗುಂಡಿಗೆ ಶನಿ ಸಿಕ್ಕ.
ಏಳೂವರೆ ವರ್ಷ ಕಾಡುವವನು
ಎಳ್ಳುಕಾಳಿನಷ್ಟು, ಅಡ್ಡಕ್ಕೊಂದು ಗೀಟು.
ಇಷ್ಟೇ ಇಷ್ಟೇಯೇ, ಎಂದು ನಗು ಬಂತು.

"ನನಗೇನೂ ಕಾಣದು" ಎಂದ ಖಲ್ಫಾನ್.
ಅವನ ಕನ್ನಡಕ ಕಣ್ಗಾಜಿಗೆ ತಾಗಿ ಟಕ್ ಎಂದಿತು.
ನಾನೇ ಉಜ್ಜಿ ಕೊಟ್ಟದ್ದು, ಎರಡೂ ಕಣ್ಣಿಗೆ ಮೈನಸ್ ಆರು,
ಅದಿಲ್ಲದೆ ಮೆಟ್ಟಿಲೂ ಇಳಿಯಲಾರ.
ತೆಗೆಯಿರಿ, ಎಂದೆ.
ಹಿಂಜರಿದು ತೆಗೆದ. ಮೂಗಿನ ಎರಡು ಕಡೆ
ಒತ್ತಿ ಒತ್ತಿ ಬಿದ್ದ ಕುಳಿ.
ತಿರುಪು ಸ್ವಲ್ಪ ತಿರುಗಿಸಿದೆ, ಇನ್ನೂ ಸ್ವಲ್ಪ.
ಇದು ಸ್ಪಷ್ಟವೋ, ಇದೋ?
"ಇದು" ಎಂದ.
ಆಮೇಲೆ ಎಷ್ಟು ಹೊತ್ತಾದರೂ ಕಣ್ಣು ಎತ್ತಲಿಲ್ಲ.

ಮೊಯ್ದಿನಬ್ಬ ಚಹಾ ತರಲು ಇಳಿದ.
ನಾನು ಮುದುಕನ ಕನ್ನಡಕ ಹಿಡಿದು ನಿಂತೆ,
ಈ ಒಂದು ಸಲ ಯಾರಿಗೂ ಬೇಡವಾದ ನನ್ನ ಕೆಲಸ,
ಅಂಗಿಯ ಚುಂಗಿನಿಂದ ಅದನ್ನು ಒರೆಸುತ್ತ, ಅಭ್ಯಾಸಬಲ.
ಟ್ಯಾಂಕು ಸೋರುತ್ತಲೇ ಇತ್ತು.