ಉಳಿದ ಎರಡು

ಗಂಡಸಿಗೆ ಒಂಬತ್ತು, ಹೆಂಗಸಿಗೆ ಏಳು,
ಕೂಸಾದರೆ ಮೂರು, ಅದೂ ಮೆಲ್ಲಗೆ.
ಸುಂಕೇರಿಯ ನಮ್ಮ ಇಗರ್ಜಿಯಲ್ಲಿ
ಮೂವತ್ತೊಂದು ವರ್ಷ ಹಗ್ಗ ಹಿಡಿದವನು ನಾನು.
ಕಾಳಿ ನದಿಯಲ್ಲಿ ಬಲೆ ಬಿಟ್ಟವರು
ಹುಟ್ಟು ನಿಲ್ಲಿಸಿ ಎಣಿಸುತ್ತಿದ್ದರು.
ಎಂಟನೆಯದು ಬೀಳುವುದೋ ಇಲ್ಲವೋ ಎಂದು ಕಿವಿಗೊಟ್ಟು
ತಲೆಯ ಬಟ್ಟೆ ತೆಗೆದು, ಮತ್ತೆ ಕಟ್ಟಿಕೊಳ್ಳುತ್ತಿದ್ದರು.

ನನ್ನ ಕೈ ಒಮ್ಮೆಯೂ ತಪ್ಪಿರಲಿಲ್ಲ.
ಹೊಡೆತಕ್ಕೂ ಹೊಡೆತಕ್ಕೂ ನಡುವೆ
ಒಂದು ನಮೋ ಮರಿಯಾದಷ್ಟು ಬಿಡುವು.
ಅಂಗೈಯ ಜಡ್ಡು ನೋಡಿ ನತಾಲಿನ್ ನಗುತ್ತಿದ್ದಳು:
"ಸತ್ತವರೆಲ್ಲ ನಿನ್ನ ಕೈಯಲ್ಲೇ ಉಳಿದಿದ್ದಾರಲ್ಲ ಮಾರಾಯಾ,
ಚೂರು ಎಣ್ಣೆ ಹಚ್ಚಿಕೊ."

ಅವಳು ಹೋದ ಬೆಳಿಗ್ಗೆ
ಹಗ್ಗ ನನಗೆ ಹಗ್ಗವಾಗಿ ಕಾಣಲಿಲ್ಲ.
ಏನಾಗಿ ಕಂಡಿತೆಂದು ಹೇಳಲಾರೆ.
ರುಜಾರ್ ಮುಂದೆ ಬಂದ, ಹದಿಮೂರರ ಹುಡುಗ,
ಅವಳ ಕೈಯ ಪಾತೊಳಿ ತಿಂದು ಬೆಳೆದವನು.
ಎಳೆದ. ಒಂದು.
ಎರಡು ಮೂರು, ಬಿಡುವೇ ಇಲ್ಲ,
ಮದುವೆಯ ಗಂಟೆಯ ಹಾಗೆ.
ನಾಲ್ಕು, ಅರ್ಧ ದನಿ.
ಐದಕ್ಕೆ ಹಗ್ಗವನ್ನೇ ತಬ್ಬಿ ಕೂತುಬಿಟ್ಟ.

ನದಿಯಲ್ಲಿ ದೋಣಿಗಳು ಕಾದವು.
ಐದು ಯಾರಿಗೂ ಅಲ್ಲ ನಮ್ಮೂರಲ್ಲಿ.
ಹೋದದ್ದು ಯಾರು, ಏನು ಕತೆ ಎಂದು
ಬಲೆ ಹಾಗೇ ಬಿಟ್ಟು ದಡಕ್ಕೆ ಬಂದವರು
ಒದ್ದೆ ಕಾಲಲ್ಲೇ ನನ್ನ ಅಂಗಳದಲ್ಲಿ ನಿಂತರು,
ಸಂಜೆಯವರೆಗೂ.
ಏಳು ಸರಿಯಾಗಿ ಬಿದ್ದಿದ್ದರೆ
ಯಾರು ಬರುತ್ತಿದ್ದರೋ, ಎಷ್ಟು ಜನವೋ.

ಪಾದ್ರಿ ಓದಿದರು. ಒಳ್ಳೆಯ ಮಾತುಗಳೇ.
ನನಗೆ ಮಾತ್ರ ಹುಡುಗನ ಮೇಲೆ ಸಿಟ್ಟು,
ಅವಳ ಪಾಲಿನದನ್ನೂ ಪೂರ್ತಿ ಕೊಡಲಿಲ್ಲವಲ್ಲ ಎಂದು.
ತಿಂಗಳ ಪೂಜೆಯ ರಾತ್ರಿ, ನಿದ್ದೆ ಬಾರದೆ
ಗೋಡೆಯ ಶಿಲುಬೆ ನೋಡುತ್ತಿದ್ದೆ:
ತಲೆಗೂದಲನ್ನೂ ಎಣಿಸಿಟ್ಟವನು ಎನ್ನುತ್ತಾರಲ್ಲ,
ಅವನಿಗೂ ಒಮ್ಮೆ ಲೆಕ್ಕ ತಪ್ಪಿರಬೇಕು
ಗೆಳೆಯನ ಗೋರಿಯ ಮುಂದೆ.
ಒಂದು ಮಾತಿಗೆ ಎದ್ದು ಬರುತ್ತಾನೆಂದು ಗೊತ್ತಿದ್ದೂ
ಮೊದಲು ಅತ್ತನಂತೆ.
ಗೊತ್ತಿದ್ದವನೇ ಅತ್ತ ಮೇಲೆ
ನನಗಿನ್ನೇನು ನಾಚಿಕೆ.
ಆವತ್ತು ಅತ್ತೆ. ಬೆಳಗಾಗುವವರೆಗೆ.
ಪಕ್ಕದಲ್ಲಿ ಯಾರೋ ಕೂತಿದ್ದರು,
ಅವರ ಕಾಲೂ ಒದ್ದೆ.

ಈಗ ಹಗ್ಗ ರುಜಾರನಿಗೇ ಬಿಟ್ಟಿದ್ದೇನೆ. ಕಲಿತಿದ್ದಾನೆ.
ಮೊನ್ನೆ ಸದಾಶಿವಗಡದ ಹಿಂದೆ ಬೆಳಕು ಇಳಿಯುವಾಗ
ಮೆಲ್ಲಗೆ ಕೇಳಿದ:
"ಮಾಮಾ, ಬಾಯಿಯ ಉಳಿದ ಎರಡು, ಇವತ್ತು ಹೊಡೆದುಬಿಡಲೇ?"

ಬೇಡ ಮಗಾ.
ಗಂಟೆಯೊಳಗೇ ಇರಲಿ ಅವು.
ಆರು ಯಾರಾದರೂ ಹೊಡೆದಾರು.
ಏಳು,
ಅದನ್ನು ಗೋರಿಯ ಮುಂದೆ ಅತ್ತವನೇ
ಅವಳಿಗೆ ಅನ್ನಬೇಕು.